ಮಕ್ಬೂಲ್ ಸಾಬರ ಕನ್ನಡ

ವಾಡಿಯ ಮಕ್ಬೂಲ್ ಸಾಬರಿಗೆ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ, ಆ ತಪ್ಪಿನಿಂದಲೇ ಅವರು ತೆಗೆದ ಫೋಟೋಗಳಿಗೆ ಅಂಥ ಕಳೆ ಬಂತು ಎಂಬ ಕಥೆ ನಮ್ಮ ಸೀಮೆಯಲ್ಲಿ ಓಡಾಡುತ್ತಿದೆ. ನಿಮ್ಮ ಕಿವಿಗೂ ಬಿದ್ದಿರಬಹುದು. ಬಿದ್ದಿದ್ದರೆ ನಂಬಬೇಡಿ. ಅದು ಅರ್ಧ ಸುಳ್ಳು, ಮತ್ತು ಆ ಅರ್ಧ ಯಾವುದು ಎಂದು ಕಂಡುಕೊಳ್ಳಲು ನನಗೆ ಎಂಟು ವರ್ಷ ಬೇಕಾದವು.

ಹೋದ ವಾರ ಸೇಡಂನಲ್ಲಿ ಗೆಳತಿಯ ತಂಗಿಯ ಮದುವೆ. ಊಟದ ಸಾಲು ಕೂತಿದ್ದ ಪಡಸಾಲೆಯ ಗೋಡೆಯ ಮೇಲೆ ಗೆಳತಿಯ ಅಜ್ಜನ ಫೋಟೋ. ದೊಡ್ಡ ರುಮಾಲು, ಸುಟ್ಟ ಬೆಲ್ಲದ ಬಣ್ಣದ ಚೌಕಟ್ಟು. ಮುಖ ನಮ್ಮ ಕಡೆಗಿದೆ, ಕಣ್ಣು ಮಾತ್ರ ಒಂದಿಷ್ಟು ಎಡಕ್ಕೆ ಹೊರಳಿ, ಚೌಕಟ್ಟಿನ ಆಚೆ ಇರುವ ಏನನ್ನೋ ಹಿಡಿದುಕೊಂಡಿವೆ. ಎರಡು ಕಣ್ಣಲ್ಲೂ ಬಾಗಿಲಿನ ಆಕಾರದ ಬೆಳಕಿನ ಒಂದೊಂದು ಚೂರು. ಯಾರು ತೆಗೆದದ್ದು ಎಂದು ಕೇಳಬೇಕಾಗಿಯೇ ಇರಲಿಲ್ಲ. ನನ್ನ ಪಕ್ಕ ಉಣ್ಣುತ್ತಿದ್ದ ಗಂಡಿನ ಕಡೆಯ ಹಿರಿಯರೊಬ್ಬರು ನಾನು ಅದನ್ನೇ ನೋಡುವುದನ್ನು ಕಂಡು, ಕೈಯಲ್ಲಿದ್ದ ಹೋಳಿಗೆಯನ್ನು ತಾಟಿನಲ್ಲಿಟ್ಟು ಶುರು ಮಾಡಿದರು.

"ಈ ಫೋಟೋದ ಮಜಾ ಗೊತ್ತದೇನ್ರಿ ಅಕ್ಕೋರ? ತಗದಾಂವ ಸಾಬ. ಕನ್ನಡ ನೆಟ್ಟಗ ಬರ್ತಿದ್ದಿಲ್ಲ. 'ಇತ್ತ ನೋಡ್ರಿ' ಅನ್ನೋ ಬದ್ಲಿ 'ನಿಗಾ ಇಡ್ರಿ' ಅಂತಿದ್ದ. ಪಾಪ, ನಮ್ಮ ಮಂದಿ ಬಾಗಲದಾಗ ಬಿಟ್ಟ ಸಾಮಾನಿನ ಮ್ಯಾಲ ನಿಗಾ ಇಡ್ತಿದ್ರು! ಒಬ್ಬಾಕಿ ಮುದುಕಿ ಅಂತೂ ತನ್ನ ಆಡಿನ ಮ್ಯಾಲ ನಿಗಾ ಇಟ್ಟಿದ್ಳಂತ. ಅದನ್ನ ನೋಡಿ ಮಂದಿ, ಆಹಾ, ದೇವರ ಕಡಿ ನೋಡ್ಲಿಕತ್ತಾಳ ಅಂತ ಕೈ ಮುಗೀತಿದ್ರಂತ!"

"ಆಡಲ್ಲ, ಕೋಳಿ," ಎಂದೆ.

"ನಿಮಗ ಹ್ಯಾಂಗ ಗೊತ್ತು?"

ನಾನು ಅನ್ನ ಕಲಸತೊಡಗಿದೆ. ಹೇಗೆ ಗೊತ್ತು ಎಂದರೆ, ಆ ಕಥೆಯನ್ನು ಮೊಟ್ಟಮೊದಲು ಹೇಳಿದವಳು ನಾನೇ. ಅದೂ ಎಲ್ಲೋ ಕಟ್ಟೆಯ ಮೇಲಲ್ಲ, ಮೈಕಿನ ಮುಂದೆ, ಮಕ್ಬೂಲ್ ಸಾಬರನ್ನು ಎದುರಿಗೆ ಕೂಡಿಸಿಕೊಂಡು.

ಈ 'ನಿಗಾ' ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉರ್ದುವಿನಲ್ಲಿ ಅದು ನೋಟ. ಮನೆಯಲ್ಲಿ ದಖನಿ ಉರ್ದು ಆಡುವವರು ನೋಟವನ್ನು ಇತ್ತ ಇಡಿ ಎನ್ನುವುದನ್ನು ಕನ್ನಡಕ್ಕೆ ತಿರುಗಿಸಿದರೆ 'ನಿಗಾ ಇಡ್ರಿ' ಆಗುತ್ತದೆ. ಅದೇ ಮಾತು ನಮ್ಮ ಕನ್ನಡಕ್ಕೆ ಬಂದು, ಇಲ್ಲಿಯ ನೀರು ಕುಡಿದು, ಬೇರೆಯೇ ಆಗಿದೆ. ಒಲೆಯ ಮೇಲಿನ ಹಾಲಿಗೆ ನಿಗಾ ಇಡುತ್ತೇವೆ, ಅಂಬೆಗಾಲಿಡುವ ಕೂಸಿಗೆ ನಿಗಾ ಇಡುತ್ತೇವೆ. ನಮ್ಮ ನಿಗಾದಲ್ಲಿ ನೋಟಕ್ಕಿಂತ ಕಾಳಜಿ ಹೆಚ್ಚು, ಕಾಳಜಿಗಿಂತ ತುಸು ಹೆಚ್ಚೇ ಅಂಜಿಕೆ.

ವಾಡಿ ರೈಲುಗಳು ಕವಲೊಡೆಯುವ ಊರು. ಸೇಡಂ, ಚಿತ್ತಾಪುರದ ಕಡೆಯಿಂದ ಬಂದವರು ಇಲ್ಲಿಳಿದು ಇನ್ನೊಂದು ಗಾಡಿಗೆ ಎರಡು ಮೂರು ತಾಸು ಕಾಯುತ್ತಾರೆ. ಸ್ಟೇಷನ್ನಿನಿಂದ ಹೊರಬಿದ್ದರೆ ಎಡಗಡೆಗೆ ಮಕ್ಬೂಲ್ ಸಾಬರ ಒಂದೇ ಕೋಣೆಯ ಸ್ಟುಡಿಯೋ. ಕಲ್ಲಿನ ಗೋಡೆ, ಕಲ್ಲಿನ ನೆಲ, ಮಾಡಿಗೂ ಕಲ್ಲಿನ ಹಾಸು. ಗಾಡಿ ತಡ ಎಂದು ಗೊತ್ತಾದ ಮಂದಿ ಹೊತ್ತು ಕಳೆಯಲು ಅಲ್ಲಿಗೆ ಬಂದು, ಹೊತ್ತ ಗಂಟನ್ನು ಬಾಗಿಲ ಹತ್ತಿರ ಇಳಿಸಿ, ಜೀವಮಾನದ ಒಂದೇ ಒಂದು ಫೋಟೋಕ್ಕೆ ಕೂಡುತ್ತಿದ್ದರು. ಸಾಬರು ಕರಿ ಬಟ್ಟೆಯೊಳಗೆ ತಲೆ ಹಾಕಿ ನೋಡಿ, ಹೊರಗೆ ಬಂದು, ಕ್ಯಾಮೆರಾದ ಪಕ್ಕ ನಿಂತು, ಅದರ ಗಾಜಿನ ಮುಚ್ಚಳಕ್ಕೆ ಕೈ ಹಚ್ಚಿ ಹೇಳುತ್ತಿದ್ದರು: "ಅಲುಗಾಡಬ್ಯಾಡ್ರಿ. ನಿಗಾ ಇಡ್ರಿ." ಮುಖ ಅಲುಗಾಡುತ್ತಿರಲಿಲ್ಲ. ಕಣ್ಣು ಮಾತ್ರ ಗಂಟಿನ ಕಡೆ ಹೋಗುತ್ತಿದ್ದವು. ಬಾಗಿಲ ಬೆಳಕು ನೇರ ಕಣ್ಣಿಗೇ ಬೀಳುತ್ತಿತ್ತು. ಮುಚ್ಚಳ ತೆಗೆದು ಎರಡೆಣಿಸಿ ಮತ್ತೆ ಮುಚ್ಚುತ್ತಿದ್ದರು.

ಇಷ್ಟೇ. ಆದರೆ ಇಷ್ಟೇ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ, ಮತ್ತು ಗೊತ್ತಿಲ್ಲದ ಕಡೆ ಮಂದಿ ಏನೇನು ತುಂಬುತ್ತಾರೆ ಎಂದು ನಿಮಗೆ ಗೊತ್ತೇ ಇದೆ. ನನಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ ಗುರುಪಾದಪ್ಪ ಮಾಸ್ತರರು, "ಅದು ಬಯಲು ನೋಡೋ ಕಣ್ಣು. ಶರಣರಿಗೆ ಮಾತ್ರ ಹಂಗ ನೋಡ್ಲಿಕ್ಕೆ ಬರ್ತದ. ಆ ಮನಷ್ಯಾ ಎಲ್ಲಾರ ಒಳಗಿನ ಶರಣನ್ನ ಹೊರಗ ತಗೀತಾನ" ಎನ್ನುತ್ತಿದ್ದರು. ಮಸೀದಿಯ ಓಣಿಯವರು ಅದು ದರ್ಗಾದ ಆಶೀರ್ವಾದ ಎನ್ನುತ್ತಿದ್ದರು. ಹೈದರಾಬಾದಿನಲ್ಲಿ ಯಾರೋ ಇಂಗ್ಲಿಷರವನ ಹತ್ತಿರ ಕಲಿತ ಗುಟ್ಟು ಎನ್ನುವವರೂ ಇದ್ದರು.

ನಾನೋ, ಆಗ ಗುಲ್ಬರ್ಗಾದಲ್ಲಿ ಬಿ.ಎ. ಕೊನೆಯ ವರ್ಷ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಕನ್ನಡ, ನಾಡು, ನುಡಿ ಎಂದು ಮೇಜು ಗುದ್ದಿ ಬಹುಮಾನ ತರುತ್ತಿದ್ದ ಕಾಲ. ಪರವೂ ಮಾತಾಡುತ್ತಿದ್ದೆ, ವಿರೋಧವೂ ಮಾತಾಡುತ್ತಿದ್ದೆ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ನಂಬುವ ಕೆಲಸವನ್ನು ಮಾತ್ರ ಯಾವ ಹೊತ್ತಿನಲ್ಲೂ ಇಟ್ಟುಕೊಂಡಿರಲಿಲ್ಲ. ವಾಡಿಯಲ್ಲಿ ಪ್ಯಾಸೆಂಜರ್ ಗಾಡಿ ಇಳಿದು ನಮ್ಮ ಮನೆಗೆ ಹೋಗುವಾಗ ಮಕ್ಬೂಲ್ ಸಾಬರ ಸ್ಟುಡಿಯೋದಲ್ಲಿ ಒಂದು ಗಳಿಗೆ ನಿಂತು ಮಾತಾಡುವುದು ರೂಢಿ. ಅವರು ನನ್ನನ್ನು ಕರೆಯುತ್ತಿದ್ದದ್ದೇ 'ವಕೀಲಬಾಯಿ' ಎಂದು.

"ಚಾಚಾ, ಈ ಶರಣರ ಕಣ್ಣು ನೀವು ಎಲ್ಲಿಂದ ತಂದ್ರಿ?" ಎಂದು ಕೆಣಕುತ್ತಿದ್ದೆ.

"ಮಾಸ್ತರರಿಗಿ ಕೇಳು. ನನಕಿಂತ ಅವರಿಗಿ ಭಾಳ ಗೊತ್ತದ."

ಒಂದೇ ಒಂದು ಸಲ ಬೇರೆ ಉತ್ತರ ಕೊಟ್ಟರು. ಅವರಿಗೆ ಒಂದು ಚಟ ಇತ್ತು. ದಿನಾ ಮಧ್ಯಾಹ್ನ ಕ್ಯಾಮೆರಾ ಬಿಟ್ಟು ಬರಿಗೈಯಲ್ಲಿ ಪ್ಲಾಟ್‌ಫಾರ್ಮಿಗೆ ಹೋಗಿ ಒಂದು ತಾಸು ಕೂತು ಬರುವುದು. ಬೀಡಿ ಇಲ್ಲ, ಚಹಾ ಇಲ್ಲ, ಸುಮ್ಮನೆ ಕೂಡುವುದು. ಯಾಕೆ ಎಂದು ಕೇಳಿದೆ.

"ಗಾಡಿ ಕಾಯೋ ಮಂದಿ ಮಾರಿ ನೋಡೀದೇನು? ಟ್ರಂಕಿನ ಮ್ಯಾಲ ಕುಂತಿರ್ತಾರ, ಒಂದು ಕಣ್ಣು ಕೂಸಿನ ಮ್ಯಾಲ, ಒಂದು ಕಣ್ಣು ಗಂಟಿನ ಮ್ಯಾಲ. ಎಷ್ಟು ಜೀವ ಇರ್ತದ ಆ ಮಾರಿಗಿ! ಅದಾ ಮಂದಿ ಇಲ್ಲಿ ಬಂದು ಕುರ್ಚಿ ಮ್ಯಾಲ ಕುಂತ್ರ, ತಮ್ಮ ಮಾರಿ ತಾವಾ ಕಾಯ್ಲಿಕತ್ತಂಗ ಕುಂದ್ರತಾರ. ಮಾರಿ ಸತ್ತಂಗ ಇರ್ತದ."

ಇದನ್ನು ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು, ಅದರಲ್ಲಿ ವಾದಕ್ಕೆ ಸಿಗುವಂಥದ್ದು ಏನೂ ಇಲ್ಲವೆಂದು ಬಿಟ್ಟುಬಿಟ್ಟೆ.

ಆ ವರ್ಷ ಗುರುಪಾದಪ್ಪ ಮಾಸ್ತರರ ತಲೆಗೆ ಒಂದು ಹುಕಿ ಹೊಕ್ಕಿತು. ಮನೆಮನೆಗಳಿಂದ ಮಕ್ಬೂಲ್ ಸಾಬರ ಫೋಟೋ ಎರವಲು ತಂದು ಶಾಲೆಯ ಹಾಲಿನಲ್ಲಿ ತೂಗುಹಾಕಿ ಅವರಿಗೊಂದು ಶಾಲು ಹೊದಿಸುವುದು. ಗುಲ್ಬರ್ಗಾದಿಂದ ಚಿತ್ರಕಲೆಯ ಮೇಷ್ಟ್ರೊಬ್ಬರನ್ನು ಕರೆಸುವುದು. ಅವರು ಮೆಚ್ಚಿದರೆ ಹತ್ತು ಫೋಟೋಗಳನ್ನು ಗುಲ್ಬರ್ಗಾದ ಕಲಾಪ್ರದರ್ಶನಕ್ಕೆ ಒಯ್ಯುತ್ತಾರೆ. ಪರಿಚಯ ಭಾಷಣ ನನ್ನದು. ಒಂದು ಸಂಜೆ ಸಾಬರೇ ನಮ್ಮ ಮನೆಗೆ ಬಂದರು. ಅವ್ವ, "ಬರ್ರಿ ಅಣ್ಣಾರ, ಕುಂದ್ರಿ" ಎಂದು ಚಹಾಕ್ಕಿಟ್ಟಳು. ಕೂತರು, ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ವಕೀಲಬಾಯಿ, ನಾ ದೊಡ್ಡ ಕಲಾಕಾರ ಅಂತ ಹೇಳಬ್ಯಾಡ. ಶರಣರದು, ದರ್ಗಾದ್ದು ಅದೂ ಬ್ಯಾಡ. ಇಷ್ಟಾ ಹೇಳು: ನೂರು ಫೋಟೋದಾಗ ಇಂವಂದು ಒಂದು ಇಟ್ರ, ಇದು ಇಂವನ ಕೈ ಅಂತ ಗುರ್ತ ಹತ್ತತದ. ಅಷ್ಟು ಅಂದ್ರ ನಂಗ ಸಾಕು. ನಾ ಜಲ್ಮದಾಗ ಮಾಡೀದು ಅದೊಂದಾ."

ಮಾತು ಕೊಟ್ಟೆ. ಆದರೆ ಮರುದಿನದಿಂದ ನನ್ನ ಒಳಗಿನ ಚರ್ಚಾಪಟು ಕೆಲಸಕ್ಕೆ ಹತ್ತಿದಳು. 'ಇವರ ಕೈ' ಎಂದರೆ ಏನು? ಆ ಕಣ್ಣು ಹಾಗೆ ಹೊರಳುವುದು ಯಾವುದರಿಂದ? ಮಾಸ್ತರರು ಪಟ್ಟಿ ಮಾಡಿದ ಮನೆಗಳಿಗೆ ಫೋಟೋ ತರಲು ಹೋದಾಗಲೆಲ್ಲ ಒಂದೇ ಪ್ರಶ್ನೆ ಕೇಳಿದೆ: ಅವತ್ತು ನೀವು ಏನನ್ನು ನೋಡುತ್ತಿದ್ದಿರಿ? ಇಂಥದ್ದನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ; ಎಲ್ಲರಿಗೂ ಉತ್ತರ ಗೊತ್ತಿತ್ತು. ರಾವೂರಿನ ಕಲ್ಲು ಒಡೆಯುವ ಯಜಮಾನ ಹೊಸ ಚಪ್ಪಲಿಯನ್ನು. ಗುಂಡಗುರ್ತಿಯ ಒಕ್ಕಲಿಗ ಬಿತ್ತನೆ ತೊಗರಿಯ ಚೀಲವನ್ನು. ಸ್ಟುಡಿಯೋದ ಗಾಜಿನ ಹಿಂದೆ ಇಟ್ಟ, ಮಾಸ್ತರರು ನಿಂತು ಕೈಮುಗಿಯುತ್ತಿದ್ದ 'ಚಿಮ್ಮನಚೋಡದ ಮುದುಕಿ' ಎಂಬ ಫೋಟೋದ ಸಾಬಮ್ಮ ಆಗ ವಾಡಿಯಲ್ಲೇ ಮಗಳ ಮನೆಯಲ್ಲಿದ್ದಳು. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಡದೆಯೇ ಮಾತಾಡಿದಳು.

"ಏನ್ ನೋಡ್ಲಿಕತ್ತಿದ್ದಿ ಆಯಿ ಅವತ್ತ?"

"ಏನ್ ನೋಡ್ತಾರ ಯವ್ವಾ, ಕೋಳಿ! ಮಗಳು ಬಾಣಂತಿ ಇದ್ಳು. ಬುಟ್ಯಾಗ ಕೋಳಿ ತಂದಿದ್ದೆ. ಆ ಸಾಬ ನಿಗಾ ಇಡ್ರಿ ಅಂದ. ನೋಡ್ತೀನಿ, ಬಾಗಲದಾಗ ನಾಯಿ ನಿಂತದ!"

"ದೇವರ ನೆನಪು ಏನೂ ಬರ್ಲಿಲ್ಲೇನು?"

"ದ್ಯಾವ್ರು ಬಂದು ನನ ಕೋಳಿ ಕಾಯ್ತಾನೇನ?" ಎಂದವಳು ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದಳು. "ಖರೇ ಹೇಳಬೇಕಂದ್ರ ಭಾಳ ಚೊಲೋ ಮನಷ್ಯಾ ಅಂವ. ತನ್ನ ಕೆಲಸ ಬಿಟ್ಟು ನನ ಕೋಳಿ ಬಗ್ಗಿ ಕಾಳಜಿ ಮಾಡ್ದ."

ನನ್ನ ಮೈ ಜುಮ್ಮೆಂದಿತು. ಚರ್ಚೆಯಲ್ಲಿ ಎದುರಾಳಿಯ ಇಡೀ ವಾದ ಒಂದೇ ಮಾತಿನ ಮೇಲೆ ನಿಂತಿದೆ ಎಂದು ಗೊತ್ತಾದಾಗ ಆಗುತ್ತದಲ್ಲ, ಅದು. ಉರ್ದು ನಿಗಾ, ಕನ್ನಡ ನಿಗಾ. ನಡುವೆ ಒಬ್ಬ ಫೋಟೋದವ ಬಿದ್ದಿದ್ದಾನೆ, ಅವನಿಗೇ ಗೊತ್ತಿಲ್ಲ!

ಸಭೆಯ ಹಿಂದಿನ ದಿನ ಸ್ಟುಡಿಯೋಕ್ಕೆ ಹೋದೆ. ಕಲ್ಲಿನ ಗಣಿ, ಸಿಮೆಂಟಿನ ಕಾರ್ಖಾನೆ ಎರಡರ ಪುಡಿಯೂ ಆ ಊರಿನಲ್ಲಿ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಸಾಬರು ಮೆತ್ತನೆಯ ಅರಿವೆಯಿಂದ ಕ್ಯಾಮೆರಾದ ಗಾಜು ಒರೆಸುತ್ತಿದ್ದರು.

"ಚಾಚಾ, ಸಾಬಮ್ಮನ ಕೂಡ ಮಾತಾಡಿದೆ. ಕೋಳಿ ನೋಡ್ಲಿಕತ್ತಿದ್ದೆ ಅಂದ್ಳು."

ಅರಿವೆ ನಿಂತಿತು. "ಹಾಂ," ಎಂದರು. "ಕೆಂಪು ಕೋಳಿ." ಮತ್ತೆ ಒರೆಸಿದರು. "ನಾಳಿ ಲಗೂ ಬಾ ಬೇಟಿ. ಮಾಸ್ತರರು ಗಡಬಡಿ ಮಂದಿ."

ಪಾಪ, ಇನ್ನೂ ತಿಳಿದಿಲ್ಲ ಇವರಿಗೆ ಎಂದುಕೊಂಡೆ. ಕೋಳಿಯ ಬಣ್ಣ ಅವರಿಗೆ ಹೇಗೆ ನೆನಪಿತ್ತು ಎಂದು ಕೇಳಿಕೊಳ್ಳಲಿಲ್ಲ. ತರ್ಕದ ತರಬೇತಿ ಪಡೆದವರ ಪಾಡು ನೋಡಿ.

ಮರುದಿನ ಹಾಲು ತುಂಬಿತ್ತು. ಗೋಡೆಯ ಮೇಲಿನ ನಲವತ್ತು ಮಂದಿ ಅತ್ತ ನೋಡುತ್ತಿದ್ದಾರೆ, ಕೆಳಗಿನ ಮಂದಿ ನನ್ನನ್ನು ನೋಡುತ್ತಿದ್ದಾರೆ. ಮೊದಲು ಮಾಸ್ತರರ ಶರಣರ ವಾದವನ್ನು ಕೆಡವಿದೆ, ಆಮೇಲೆ ಇಂಗ್ಲಿಷರವನ ಗುಟ್ಟನ್ನು. ಆಮೇಲೆ ಸಾಬಮ್ಮನ ಕೋಳಿಯನ್ನು ಹೊರಗೆ ಬಿಟ್ಟೆ. ಹಾಲು ಬಿದ್ದು ಬಿದ್ದು ನಕ್ಕಿತು. ನಗು ನಿಲ್ಲಲು ಕಾದು, ನನ್ನ ಕೊನೆಯ ಮಾತು: "ನಮ್ಮ ಮಕ್ಬೂಲ್ ಚಾಚಾರ ಕಲೆಯ ಗುಟ್ಟು ಇಷ್ಟೇ. ಮೂವತ್ತು ವರ್ಷ ನಮ್ಮ ನಡುವೆ ಇದ್ದರೂ ಅವರಿಗೆ ಕನ್ನಡ ಬರಲಿಲ್ಲ. ಬಂದಿದ್ದರೆ ನಮಗೆ ಈ ಫೋಟೋಗಳು ದಕ್ಕುತ್ತಿರಲಿಲ್ಲ!"

ಚಪ್ಪಾಳೆ. ಅಷ್ಟು ದೊಡ್ಡ ಚಪ್ಪಾಳೆ ನನಗೆ ಅದಕ್ಕೂ ಮೊದಲು ಬಿದ್ದಿರಲಿಲ್ಲ. ಮಕ್ಬೂಲ್ ಸಾಬರೂ ನಕ್ಕರು. ಮೊಣಕಾಲ ಮೇಲಿನ ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ. ಗುಲ್ಬರ್ಗಾದ ಮೇಷ್ಟ್ರು ಕಣ್ಣೊರೆಸಿಕೊಂಡು, "ಒಳ್ಳೆ ಆಕಸ್ಮಿಕ! ಒಳ್ಳೆ ಆಕಸ್ಮಿಕ!" ಎಂದು ಮಾಸ್ತರರ ಕೈ ಕುಲುಕಿ, ಉಪ್ಪಿಟ್ಟು ತಿಂದು ಗಾಡಿ ಹತ್ತಿದರು. ಒಂದು ಫೋಟೋವನ್ನೂ ಒಯ್ಯಲಿಲ್ಲ. ಇದು ಸಾಬರ ಕೈಯ ಗುರುತು ಎಂದು ಹೇಳಲು ಹೋದವಳು ಅದು ಅವರ ಕೈಯೇ ಅಲ್ಲ ಎಂದು ಸಾಧಿಸಿ ಬಂದಿದ್ದೆ. ಆ ದಿನ ನನಗೆ ಅದು ಹೊಳೆಯಲೇ ಇಲ್ಲ. ಮನೆಗೆ ಬಂದಾಗ ಅವ್ವ ಮಾತ್ರ, "ಅಷ್ಟ ಮಂದಿ ಮುಂದ ಅಣ್ಣಾರಿಗಿ ಕನ್ನಡ ಬರಲ್ಲ ಅಂದ್ಯಲ್ಲ. ನನ್ನ ಕೂಡ ಇಷ್ಟ ವರ್ಷ ಯಾವ ಭಾಷಾದಾಗ ಮಾತಾಡ್ಯಾರಂತ ತಿಳದೀದಿ?" ಎಂದಳು. ಅವ್ವನಿಗೆ ವಾದದ ನಿಯಮಗಳು ತಿಳಿಯುವುದಿಲ್ಲ ಎಂದುಕೊಂಡೆ.

ಪದವಿಯ ಅರ್ಜಿಗೆ ಫೋಟೋ ಬೇಕಾಗಿ ಮೂರು ತಿಂಗಳ ಮೇಲೆ ಸ್ಟುಡಿಯೋಕ್ಕೆ ಹೋದೆ. ನನ್ನ ಮುಂದೆ ಮದುವೆ ಗೊತ್ತಾದ ಗಂಡೊಬ್ಬ ಕುರ್ಚಿಯ ಮೇಲೆ ಕೂತಿದ್ದ, ಜೊತೆಗೆ ಇಬ್ಬರು ಗೆಳೆಯರು. ಸಾಬರು ಕರಿ ಬಟ್ಟೆಯಿಂದ ಹೊರಬಂದು ಮುಚ್ಚಳಕ್ಕೆ ಕೈ ಹಚ್ಚುವ ಮೊದಲೇ ಗೆಳೆಯನೊಬ್ಬ, "ನಿಗಾ ಇಡೋ ಲೇ! ಕೋಳಿ ಹೋದೀತು!" ಎಂದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಬರು ನಗು ಮುಗಿಯುವ ತನಕ ನಿಂತರು. ಆಮೇಲೆ ನಮ್ಮ ಮಾಸ್ತರರೂ ತಪ್ಪು ಹುಡುಕಲಾರದಂಥ ಕನ್ನಡದಲ್ಲಿ ಹೇಳಿದರು: "ದಯಮಾಡಿ ಇತ್ತ ನೋಡ್ರಿ. ಕ್ಯಾಮೆರಾದ ಕಡಿ." ಗಂಡು ಇತ್ತ ನೋಡಿದ. ಮುಚ್ಚಳ ತೆಗೆದು ಮುಚ್ಚಿದರು.

ಒಣಗಲು ದಾರಕ್ಕೆ ಹಾಕಿದ ಫೋಟೋಗಳನ್ನು ನೋಡಿದೆ. ಒಂದು ಸಾಲು ಮುಖ, ಎಲ್ಲವೂ ನನ್ನನ್ನೇ ನೋಡುತ್ತಿವೆ. ಕಣ್ಣಲ್ಲಿ ಬೆಳಕಿಲ್ಲ. ಯಾವ ಊರಿನ ಯಾವ ಸ್ಟುಡಿಯೋದಲ್ಲಾದರೂ ತೆಗೆದಿರಬಹುದಾದ ಫೋಟೋಗಳು.

"ಆ ಮಾತು ಬಿಟ್ರೇನು ಚಾಚಾ?"

"ಅದು ಸತ್ತದ ಬೇಟಿ. ಗೊತ್ತಿಲ್ದಾಗ ಕೆಲಸ ಮಾಡ್ತಿತ್ತು. ಈಗ ಎಲ್ಲಾರಿಗೂ ಗೊತ್ತಾಗ್ಯದ." ಸಿಟ್ಟಿರಲಿಲ್ಲ ದನಿಯಲ್ಲಿ. ಕೆಟ್ಟುಹೋದ ಔಷಧದ ಬಾಟಲಿಯ ಬಗ್ಗೆ ಹೇಳುವಂತೆ ಹೇಳಿದರು. "ಬ್ಯಾರೆ ಏನರ ಹುಡುಕ್ಲಿಕತ್ತೀನಿ. ಸಿಗ್ತದ. ಕುಂದ್ರು."

ಆ ಕುರ್ಚಿಯ ಮೇಲೆ ನಾನು ಕೂತದ್ದು ಅದೇ ಮೊದಲು. ಕೂತಾಗ ಬಾಗಿಲ ಕಡೆ ಕಣ್ಣು ಹೋಯಿತು. ಇಷ್ಟು ದಿನ ನಿಂತೇ ಬಂದು ನಿಂತೇ ಹೋಗುತ್ತಿದ್ದವಳಿಗೆ ಕಂಡಿರದ ಒಂದು ಸಂಗತಿ ಕಂಡಿತು. ಬಾಗಿಲ ಪಕ್ಕದ ಗೋಡೆಗೆ ಒಂದು ಕಲ್ಲಿನ ಹಲಗೆ ಚಾಚಿಸಿ ಕೂಡಿಸಿದ್ದರು, ಬಂದವರು ಸಾಮಾನು ಇಡಲೆಂದು. ನೆಲದ ಮೇಲಲ್ಲ, ಮೊಣಕಾಲಿನ ಮಟ್ಟಕ್ಕಲ್ಲ. ಕುರ್ಚಿಯ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ. ಭಾರದ ಗಂಟನ್ನು ಅಷ್ಟು ಎತ್ತರಕ್ಕೆ ಎತ್ತಿಡಿ ಎಂದು ಯಾವ ಬುದ್ಧಿವಂತ ಹೇಳುತ್ತಾನೆ? ಗಂಟು ನೆಲದ ಮೇಲಿದ್ದರೆ ಕಣ್ಣು ಕೆಳಗಿಳಿಯುತ್ತವೆ, ರೆಪ್ಪೆ ಮುಚ್ಚುತ್ತವೆ, ಬೆಳಕು ಒಳಗೆ ಹೋಗುವುದಿಲ್ಲ. ಅಂಚು ಸವೆದು ನುಣುಪಾಗಿದ್ದ ಆ ಕಲ್ಲು ನಿನ್ನೆ ಮೊನ್ನೆ ಕೂಡಿಸಿದ್ದಲ್ಲ.

ಕೇಳಬೇಕಾಗಿತ್ತು. "ಇತ್ತ ನೋಡು" ಎಂದರು, ಇತ್ತ ನೋಡಿದೆ. ಎದ್ದು ಬಂದೆ.

ಅಲ್ಲಿಂದ ಈಚೆಗೆ ಈ ವಿಷಯವನ್ನು ಎರಡೂ ಪಕ್ಷದಿಂದ ನನ್ನೊಳಗೇ ಎಷ್ಟು ಸಲ ವಾದಿಸಿದ್ದೇನೋ. ಅವರಿಗೆ ಗೊತ್ತಿರಲಿಲ್ಲ ಎನ್ನುವ ಪಕ್ಷ: ಮೊದಲ ಸಲ ಆ ಮಾತು ಬಾಯಿಂದ ಬಿದ್ದದ್ದು ತಪ್ಪಿಯೇ ಇರಬೇಕು, ಹಲಗೆ ಎತ್ತರಕ್ಕಿರುವುದು ಬೀದಿಯ ಆಡುಗಳ ಬಾಯಿಗೆ ಸಿಗದಿರಲೆಂದು. ಗೊತ್ತಿತ್ತು ಎನ್ನುವ ಪಕ್ಷ: ಮೊದಲ ಫೋಟೋದಲ್ಲಿ ಏನೋ ಆಗಿದೆ ಎಂದು ಕಂಡವರು ಅವರೇ, ತಪ್ಪನ್ನು ತಿದ್ದದೆ ಇಟ್ಟುಕೊಂಡವರು, ಅದಕ್ಕೆ ಕಲ್ಲು ಕೂಡಿಸಿದವರು, ಪ್ಲಾಟ್‌ಫಾರ್ಮಿನ ಮುಖಗಳನ್ನು ಈ ಕುರ್ಚಿಗೆ ತರುವ ದಾರಿ ಸಿಕ್ಕಿತೆಂದು ಮೂವತ್ತು ವರ್ಷ ಅದೇ ಮಾತನ್ನು ಮುಖ ಗಟ್ಟಿ ಮಾಡಿ ಹೇಳಿದವರು. ತೀರ್ಪುಗಾರ್ತಿಯಾಗಿ ನಾನು ಎರಡನೆಯ ಪಕ್ಷಕ್ಕೇ ಬಹುಮಾನ ಕೊಡುತ್ತೇನೆ. ಆದರೆ ಸೇಡಂನ ಪಡಸಾಲೆಯಲ್ಲಿ ಆ ಹಿರಿಯರು ನಗುವ ತನಕ, ಮೊದಲ ಪಕ್ಷವನ್ನು ಊರೂರಿಗೆ ಹಂಚಿದವಳು ನಾನು ಎಂಬುದು ನನಗೆ ಇಷ್ಟು ಚುಚ್ಚಿರಲಿಲ್ಲ. ಅವರು ನಕ್ಕದ್ದು ಕೋಳಿಗೂ ಅಲ್ಲ, ಆಡಿಗೂ ಅಲ್ಲ. ಸಾಬನಿಗೆ ಕನ್ನಡ ಬರುವುದಿಲ್ಲ ಎನ್ನುವುದಕ್ಕೆ.

ಸೇಡಂನಿಂದ ತಿರುಗಿ ಬರುವಾಗ ವಾಡಿಯಲ್ಲಿ ಇಳಿದೆ. ಶಹಾಬಾದಿನಲ್ಲಿ ನಾನೀಗ ಮಾಸ್ತರ್ಕಿ ಮಾಡುತ್ತಿದ್ದೇನೆ. ಅತ್ತ ಹೋಗುವ ಗಾಡಿಗೆ ಎರಡು ತಾಸು ಇತ್ತು. ಸ್ಟುಡಿಯೋ ತೆರೆದಿತ್ತು. ಮರದ ಕ್ಯಾಮೆರಾ ಮೂಲೆಯಲ್ಲಿ, ಮೇಜಿನ ಮೇಲೆ ಸಣ್ಣದೊಂದು ಹೊಸದು. ಗೋಡೆಗೆ ಪಾಸ್‌ಪೋರ್ಟ್ ಅಳತೆಯ ಮುಖಗಳು. ಮಕ್ಬೂಲ್ ಸಾಬರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕನ್ನಡಕ ಹಣೆಯ ಮೇಲೆ ಸರಿಸಿ ನೋಡಿದರು.

"ಅರೇ, ವಕೀಲಬಾಯಿ! ಕೋರ್ಟ್ ಬಿಟ್ಟಿತೇನು?"

"ಕೇಸ್ ಸೋತೀನಿ ಚಾಚಾ. ಹೇಳ್ಲಿಕ್ಕೆ ಬಂದೆ."

"ಯಾವ ಕೇಸ್?"

"ನಿಮಗ ಕನ್ನಡ ಬರಲ್ಲ ಅಂತ ಹಾಕಿದ್ನಲ್ಲ, ಅದು."

ನಕ್ಕರು. ಹೊರಗೆ ಯಾವುದೋ ಗೂಡ್ಸ್ ಗಾಡಿ ಹೋಗುತ್ತಿತ್ತು. ಅದು ದಾಟುವ ತನಕ ಬ್ರಷ್ಷಿನಿಂದ ಮೇಜಿನ ಬಿಳಿ ಪುಡಿಯನ್ನು ಒಂದು ಕಡೆ ಗುಡ್ಡೆ ಮಾಡುತ್ತ ಕೂತರು. ಹುಡುಕುತ್ತೇನೆ ಎಂದಿದ್ದಿರಲ್ಲ, ಬೇರೆ ಏನಾದರೂ ಸಿಕ್ಕಿತೇ ಎಂದು ಕೇಳಿದೆ. "ಸಿಗ್ಲಿಲ್ಲ," ಎಂದರು. "ಒಂದ್ ಸಲ ಸಿಕ್ಕಿತ್ತು. ಅದಾ ಭಾಳ ಆತು."

ಅಷ್ಟು ಹಗುರವಾಗಿ ಅಂದರು. ನಾನು ಎದುರಿನ ಸ್ಟೂಲಿನ ಮೇಲೆ ಕೂತು, ಎಂಟು ವರ್ಷದಿಂದ ಇಟ್ಟುಕೊಂಡಿದ್ದನ್ನು, ಒಂದು ಪಕ್ಷವೂ ಇಲ್ಲದೆ, ಮೊದಲ ಸಲ ಉತ್ತರ ಗೊತ್ತಿಲ್ಲದೆ ಕೇಳಿದೆ:

"ಸಭಾದ ಹಿಂದಿನ ದಿನಾನ ನಿಮಗ ತಿಳದಿತ್ತು ಚಾಚಾ, ನಾ ಏನ್ ಹೇಳ್ತೀನಂತ. ಅಷ್ಟು ಮಂದಿ ನಗೋವಾಗ ನೀವು ಎದ್ದು ನಿಂತು, ಇಲ್ಲ, ನಂಗ ಕನ್ನಡ ಬರ್ತದ ಅಂತ ಯಾಕ ಅನ್ಲಿಲ್ರಿ?"